ಫಾರ್ಮ್ಯಾಟ್ ಅರ್ಧ ತಾಸು, ಅಪ್‌ಡೇಟ್ ಅರ್ಧ ದಿನ

ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರಿನ ಎಲ್ಲ ರೋಗಕ್ಕೂ ಮದ್ದು ಒಂದೇ: "ಫಾರ್ಮ್ಯಾಟ್ ಹೊಡದಬಿಡ್ರಿ." ಪ್ರಿಂಟರ್ ಕಾಗದ ನುಂಗಿತೇ? ಫಾರ್ಮ್ಯಾಟ್. ಮೌಸ್ ಮುಷ್ಕರ ಹೂಡಿತೇ? ಫಾರ್ಮ್ಯಾಟ್. ಓಣಿಗೊಬ್ಬ ಇಂಜಿನಿಯರಿಂಗ್ ಹುಡುಗ ಇದ್ದೇ ಇರುತ್ತಾನೆ; ಒಂದು ಪ್ಲೇಟ್ ಗಿರಮಿಟ್, ಎರಡು ಮಿರ್ಚಿ, ಮೇಲೊಂದು ಚಹಾ ಕೊಟ್ಟರೆ ಸೇವೆ ಸಲ್ಲುತ್ತದೆ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇದ್ದರೆ ವಿಂಡೋಸ್ ಕೂರಿಸುವುದು ಅರ್ಧ ತಾಸಿನ ಕೆಲಸ. ಹುಡುಗ ಕೈ ತೊಳೆದುಕೊಂಡು ಹೋಗುತ್ತಾನೆ. ಅಸಲಿ ಆಟ ಶುರುವಾಗುವುದು ಆಮೇಲೆ.

"ತಮ್ಮಾ, ಇದು ಮೂವತ್ತಕ್ಕ ನಿಂತಬಿಟ್ಟೈತಲ್ಲೋ?"

"ನಿಂತಿಲ್ರೀ ಕಾಕಾ, ಅಪ್‌ಡೇಟ್ ಆಗಾಕತ್ತೈತಿ. ಬಂದ್ ಮಾಡಬ್ಯಾಡ್ರಿ."

ಅಷ್ಟರಲ್ಲಿ ಅಡ್ಡಮಳಿ ಬರುತ್ತದೆ, ಕರೆಂಟ್ ಹೋಗುತ್ತದೆ. 600 ವಿಎ ಯುಪಿಎಸ್ಸಿನ ಬ್ಯಾಟರಿ ಹೊಸದಿದ್ದರೆ ಹತ್ತು ನಿಮಿಷ ಕಾಯುತ್ತದೆ, ಮುದಿಯಾಗಿದ್ದರೆ ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಮಾಡಿದ್ದನ್ನೆಲ್ಲ ಹಿಂದಕ್ಕೆ ಬಿಚ್ಚತೊಡಗುತ್ತದೆ. ಕಟ್ಟುವುದಕ್ಕಿಂತ ಬಿಚ್ಚುವುದಕ್ಕೇ ಅದಕ್ಕೆ ಹೆಚ್ಚು ಹೊತ್ತು ಬೇಕು.

ಒಮ್ಮೆ ಇಳಿಸಿದ ಅಪ್‌ಡೇಟನ್ನು ಎತ್ತಿಟ್ಟುಕೊಂಡರೆ ಮುಂದಿನ ಸಲ ಈ ಗೋಳು ಕಡಿಮೆ. ಎತ್ತಿಡುವುದರಲ್ಲೂ ಫಜೀತಿಗೆ ಬರವಿಲ್ಲ, ಅದು ಬೇರೆ ಮಾತು.

ಮೊದಲ ಫಜೀತಿ ಬುದ್ಧಿವಂತರದು. ವಿಂಡೋಸ್ ಫೋಲ್ಡರಿನೊಳಗೆ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್, ಅದರೊಳಗೆ ಡೌನ್‌ಲೋಡ್ ಎಂಬ ಜಾಗವಿದೆ. ಅಪ್‌ಡೇಟ್ ಇಳಿಯುವುದು ಅಲ್ಲಿಗೇ. ಅದನ್ನು ಪತ್ತೆ ಹಚ್ಚಿದ ಜಾಣರು ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ತುಂಬಿಕೊಂಡು, ಫಾರ್ಮ್ಯಾಟ್ ಆದ ಮೇಲೆ ಅಲ್ಲಿಗೇ ಸುರಿಯುತ್ತಾರೆ. ವಿಂಡೋಸ್ ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಯಾವ ಕಡತ ಯಾವ ಅಪ್‌ಡೇಟಿನದು ಎಂಬ ಲೆಕ್ಕ ಇರುವುದು ಪಕ್ಕದ ಡೇಟಾಸ್ಟೋರ್ ಎಂಬ ದಫ್ತರದಲ್ಲಿ, ಹೊಸ ವಿಂಡೋಸಿನಲ್ಲಿ ಆ ದಫ್ತರ ಖಾಲಿ. ಮೇಲಾಗಿ ಆ ಮಶೀನಿಗೆ ಬೇಕಾದ ತುಂಡುಗಳನ್ನಷ್ಟೇ ಇಳಿಸಿಕೊಂಡಿರುವುದೂ ಉಂಟು. ಆ ಪೆನ್‌ಡ್ರೈವಿನಲ್ಲಿ ಸಿನಿಮಾ ಇಟ್ಟುಕೊಳ್ಳುವುದು ಮೇಲು.

ಸರಿಯಾದ ದಾರಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಜಾಲತಾಣ. ಪ್ರತಿ ಅಪ್‌ಡೇಟಿಗೂ ಇರುವ ಕೆಬಿ ನಂಬರ್ ಹಾಕಿ ಹುಡುಕಿದರೆ ಎಂಎಸ್‌ಯು ಎಂಬ ಬಾಲದ ಪೂರ್ಣ ಕಡತ ಸಿಗುತ್ತದೆ. ಅದಕ್ಕೂ ಮುಂಚೆ ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ ವಿನ್‌ವರ್ (winver) ಎಂದು ಟೈಪಿಸಿ, ಇರುವ ಆವೃತ್ತಿ 22ಎಚ್2 ಯೋ 24ಎಚ್2 ಯೋ ನೋಡಿಕೊಳ್ಳಬೇಕು. 64 ಬಿಟ್ಟೋ 32 ಬಿಟ್ಟೋ ಎಂಬುದನ್ನೂ. ಇದನ್ನು ನೋಡದೆ ಇಳಿಸಿದವರಿಗೆ "ಈ ಅಪ್‌ಡೇಟ್ ನಿಮ್ಮ ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ" ಎಂಬ ಉತ್ತರ ಬರುತ್ತದೆ. ಅದಕ್ಕೆ ಮೂರು ಅರ್ಥ: ಆವೃತ್ತಿ ತಪ್ಪಿದೆ, ಇದಕ್ಕಿಂತ ಹೊಸದು ಆಗಲೇ ಕೂತಿದೆ, ಇಲ್ಲವೇ ಇದಕ್ಕೂ ಮೊದಲು ಹಾಕಬೇಕಾದದ್ದನ್ನು ಹಾಕಿಲ್ಲ. ಮೂರರಲ್ಲಿ ಯಾವುದೆಂದು ಮಾತ್ರ ಅದು ಬಾಯಿ ಬಿಡುವುದಿಲ್ಲ.

ತಿಂಗಳು ತಿಂಗಳೂ ಇಳಿಸಿ ಮೂರು ವರ್ಷದ ಸಂಗ್ರಹ ಮಾಡುವವರೂ ಇದ್ದಾರೆ. ವಿಂಡೋಸ್ 10 ಮತ್ತು 11ರಲ್ಲಿ ಅದು ಬರೀ ಭಾರ. ಮಾಸಿಕ ಅಪ್‌ಡೇಟ್ ಹಿಂದಿನದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ, ಕೊನೆಯದೊಂದಿದ್ದರೆ ಸಾಕು. ಒಂದು ಅಪವಾದ ನೆನಪಿರಲಿ: ವಿಂಡೋಸ್ 11ರ 24ಎಚ್2 ನಿಂದ ನಡುನಡುವೆ ಚೆಕ್‌ಪಾಯಿಂಟ್ ಎಂಬ ಮೆಟ್ಟಿಲುಗಳಿವೆ. ಮೊದಲನೆಯದು 2024ರ ಸೆಪ್ಟೆಂಬರಿನ ಕೆಬಿ5043080. ಕ್ಯಾಟಲಾಗಿನಲ್ಲಿ ಡೌನ್‌ಲೋಡ್ ಒತ್ತಿದಾಗ ಎರಡು ಕಡತ ತೋರಿಸಿದರೆ ಎರಡನ್ನೂ ಇಳಿಸಿ ಒಂದೇ ಫೋಲ್ಡರಿನಲ್ಲಿಡಬೇಕು. ಅಪ್‌ಡೇಟ್ ಕೂರಿಸುವ ಡಿಸ್ಮ್ (DISM) ಆಜ್ಞೆಗೆ ಹೊಸ ಕಡತದ ವಿಳಾಸ ಕೊಟ್ಟರೆ ಸಾಕು, ಹಳೆಯದನ್ನು ತಾನೇ ಹುಡುಕಿಕೊಳ್ಳುತ್ತದೆ. "ಎರಡು ಯಾಕ ಬೇಕ್ರೀ, ದೊಡ್ಡದೊಂದ ಸಾಕು" ಎಂದವರಿಗೆ ಮೇಲೆ ಹೇಳಿದ ಮೂರು ಅರ್ಥದ ಉತ್ತರವೇ ಗತಿ.

ಹೊಸ ಮಾಸಿಕ ಅಪ್‌ಡೇಟ್ ಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. 2003ರಿಂದ ನಡೆದುಕೊಂಡು ಬಂದ ವ್ರತ ಇದು. ಮೈಕ್ರೋಸಾಫ್ಟ್ ಇರುವ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ ಹತ್ತು ಎಂದರೆ ನಮ್ಮಲ್ಲಿ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಹಾಗಾಗಿ ಆ ಮಂಗಳವಾರ ಹಗಲೆಲ್ಲ ಕೂತು ಅಪ್‌ಡೇಟ್ ಮುಗಿಸಿದವರು ಬುಧವಾರ ಬೆಳಿಗ್ಗೆ ಮತ್ತೆ ಮೊದಲಿನಿಂದ ಕೂರುತ್ತಾರೆ. ಫಾರ್ಮ್ಯಾಟಿಗೆ ಮುಹೂರ್ತ ನೋಡುವುದಾದರೆ ಗುರುವಾರ ಒಳ್ಳೆಯದು.

ಇನ್ನು ಎಲ್ಲಿ ಇಡುವುದು? ಬಹಳ ಮಂದಿ ಡೆಸ್ಕ್‌ಟಾಪಿನ ಮೇಲೆ "ಇಂಪಾರ್ಟೆಂಟ್" ಎಂದು ಹೆಸರಿಟ್ಟು ಇಡುತ್ತಾರೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ, ಫಾರ್ಮ್ಯಾಟ್ ಅಳಿಸುವುದೂ ಸಿ ಡ್ರೈವನ್ನೇ. ಇದು ಗೊತ್ತಿದ್ದವರು ಡಿ ಡ್ರೈವಿನಲ್ಲಿಟ್ಟು ನಿಶ್ಚಿಂತರಾಗುತ್ತಾರೆ. ಆದರೆ ಈಗಿನ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ 11 ಕೇಳದೆಯೇ ಡ್ರೈವುಗಳಿಗೆ ಬೀಗ ಜಡಿದಿರಬಹುದು. ಹೊಸ ವಿಂಡೋಸ್ ಕೂತ ಮೇಲೆ ಡಿ ತೆರೆದರೆ 48 ಅಂಕಿಗಳ ಬಿಟ್‌ಲಾಕರ್ ಕೀಲಿ ಕೇಳುತ್ತದೆ. ಆ ಕೀಲಿಯನ್ನು ಬರೆದಿಟ್ಟ ಕಡತವೂ ಡಿ ಡ್ರೈವಿನಲ್ಲೇ ಇದ್ದು, ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೂ ಅದು ಸಿಗದಿದ್ದರೆ ಮಾಡುವುದೇನೂ ಉಳಿದಿಲ್ಲ. ಕೀಲಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ, ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರೊಳಗೆ ಹೋಗುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಬೇಕು.

ಅಪ್‌ಡೇಟಿಗಿಂತ ಮೊದಲು ಎತ್ತಿಡಬೇಕಾದದ್ದು ಡ್ರೈವರುಗಳು, ಅಂದರೆ ವೈಫೈ, ಪ್ರಿಂಟರಿನಂಥವನ್ನು ನಡೆಸುವ ತಂತ್ರಾಂಶಗಳು. ಹೊಸ ವಿಂಡೋಸಿಗೆ ವೈಫೈ ಕಾಣುತ್ತಿಲ್ಲ, ವೈಫೈ ಡ್ರೈವರ್ ಇಳಿಸಲು ವೈಫೈ ಬೇಕು: ಈ ಬಿಕ್ಕಟ್ಟಿಗೆ ಮಿರ್ಚಿ ತಿಂದ ಹುಡುಗನ ಬಳಿಯೂ ಮದ್ದಿಲ್ಲ. ಫಾರ್ಮ್ಯಾಟಿಗೆ ಮುಂಚೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಪೆನ್‌ಡ್ರೈವಿನಲ್ಲಿ ಮೊದಲೇ ಒಂದು ಫೋಲ್ಡರ್ ಮಾಡಿಟ್ಟು, ಪಿಎನ್‌ಪಿಯುಟಿಲ್ (pnputil) ಆಜ್ಞೆಗೆ ಎಕ್ಸ್‌ಪೋರ್ಟ್-ಡ್ರೈವರ್, ನಕ್ಷತ್ರ ಚಿಹ್ನೆ, ಆ ಫೋಲ್ಡರಿನ ವಿಳಾಸ ಕೊಟ್ಟರೆ ಹೊರಗಿನಿಂದ ಬಂದ ಡ್ರೈವರುಗಳೆಲ್ಲ ಅಲ್ಲಿ ಇಳಿಯುತ್ತವೆ. ವಾಪಸು ಹಾಕುವಾಗ ಅದೇ ಆಜ್ಞೆಯ ಆ್ಯಡ್-ಡ್ರೈವರ್, ಜೊತೆಗೆ ಸಬ್‌ಡಿರ್ಸ್ ಮತ್ತು ಇನ್‌ಸ್ಟಾಲ್.

ಎತ್ತಿಟ್ಟದ್ದನ್ನು ಹಾಕುವಾಗ ನೆಟ್ ತೆಗೆದಿರಲಿ. ಇಲ್ಲವಾದರೆ ಪೆನ್‌ಡ್ರೈವಿನಿಂದ ನೀವು ಒಂದು ಕಡೆ ಹಾಕುತ್ತಿರುವಾಗ ವಿಂಡೋಸ್ ಇನ್ನೊಂದು ಕಡೆ ಅದನ್ನೇ ಮೊಬೈಲ್ ಹಾಟ್‌ಸ್ಪಾಟಿನಿಂದ ಇಳಿಸುತ್ತಿರುತ್ತದೆ, ದಿನದ ಡೇಟಾ ಮುಗಿದಾಗಲೇ ಗೊತ್ತಾಗುವುದು. ವಿಂಡೋಸಿನ ವೈರಸ್ ಕಾವಲುಗಾರ ಡಿಫೆಂಡರಿನ ವೈರಸ್ ಪಟ್ಟಿಯನ್ನು ಕೂಡಿಡುವ ಗೋಜಿಗಂತೂ ಹೋಗಬೇಡಿ. ಅದು ದಿನಕ್ಕೆ ಹಲವು ಸಲ ಬದಲಾಗುತ್ತದೆ.

ಕೂಡಿಟ್ಟದ್ದು ನಿಜಕ್ಕೂ ಬಂಗಾರವಾಗುವುದು ವಿಂಡೋಸ್ 7ರಲ್ಲಿ. ಹಳೆಯ ಪೇಜ್‌ಮೇಕರ್ ನೆಚ್ಚಿದ ಗದುಗಿನ ಪ್ರೆಸ್ಸಿರಲಿ, ಸೀರಿಯಲ್ ಪೋರ್ಟಿನ ತೂಕದ ಯಂತ್ರ ಕಟ್ಟಿಕೊಂಡ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯಿರಲಿ, ಅದನ್ನು ಬಿಡಲಾಗದವರ ಪಾಡು ಬೇರೆ. ಅದರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಹೊಸದಾಗಿ ಕೂರಿಸಿದ 7 ಅಪ್‌ಡೇಟ್ ಕೇಳಿದರೆ ಅತ್ತಲಿಂದ ಉತ್ತರ ಬರುವುದಿಲ್ಲ. ಸರ್ವರುಗಳು ಅಪ್‌ಡೇಟ್ ಅಸಲಿಯೆಂದು ತೋರಿಸುವ ಶಾ-2 ಎಂಬ ಡಿಜಿಟಲ್ ಸಹಿಗೆ ಬದಲಾಗಿವೆ, ಹಸಿ ವಿಂಡೋಸ್ 7ಕ್ಕೆ ಆ ಸಹಿ ಓದಲು ಬಾರದು. ಕೈಯಾರೆ ಹಾಕಬೇಕು, ತಾರೀಖಿನ ಕ್ರಮದಲ್ಲೇ: ಸರ್ವಿಸ್ ಪ್ಯಾಕ್ 1, ಕೆಬಿ3020369, 2016ರ ದೊಡ್ಡ ಗಂಟು ಕೆಬಿ3125574, ಶಾ-2 ಓದಿಸುವ ಕೆಬಿ4490628 ಮತ್ತು ಕೆಬಿ4474419, ಕೊನೆಗೆ 2020ರ ಜನವರಿಯ ಕೆಬಿ4534310. ಕೇಳಿದಾಗೆಲ್ಲ ರೀಸ್ಟಾರ್ಟ್. ಎಂಎಸ್‌ಯು ಒತ್ತಿದಾಗ "ಅಪ್‌ಡೇಟ್‌ಗಳನ್ನು ಹುಡುಕಲಾಗುತ್ತಿದೆ" ಎಂದು ತಾಸುಗಟ್ಟಲೆ ಕೂತರೆ ಅದು ಕೆಟ್ಟಿಲ್ಲ, ನೆಟ್ಟಿನಲ್ಲಿ ತಡಕಾಡುತ್ತಿದೆ. ಕೇಬಲ್ ಕಿತ್ತು, ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟ್ ನಿಲ್ಲಿಸಿ ಮತ್ತೆ ಒತ್ತಿದರೆ ದಾರಿಗೆ ಬರುತ್ತದೆ. ಮುಗಿದ ಮೇಲೂ ಆ ಕೇಬಲ್ ಕಿತ್ತೇ ಇರಲಿ.

ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಬಳಸುವ ಮಂದಿಗೆ ಇದೆಲ್ಲ ನಗೆಪಾಟಲು. ಅಲ್ಲಿ ಆಪ್ಟ್-ಗೆಟ್ ಆಜ್ಞೆ ಇಳಿಸಿದ ಡೆಬ್ ಎಂಬ ಬಾಲದ ಕಡತಗಳು ವಾರ್, ಕ್ಯಾಶ್, ಆಪ್ಟ್, ಆರ್ಕೈವ್ಸ್ ಎಂಬ ದಾರಿಯಲ್ಲಿ ಸಾಲಾಗಿ ಕೂತಿರುತ್ತವೆ. ಬರೀ ಆಪ್ಟ್ ಎಂದು ಬರೆದು ಹಾಕಿದರೆ ಮಾತ್ರ ಕೆಲಸ ಮುಗಿದೊಡನೆ ಅಳಿಸಿಬಿಡುತ್ತದೆ. ಅದೇ ಆವೃತ್ತಿಯ ಉಬುಂಟು ಮತ್ತೆ ಕೂರಿಸಿ, ಡೆಬ್‌ಗಳನ್ನು ಅಲ್ಲಿಗೇ ನಕಲಿಸಿ ಅಪ್‌ಡೇಟ್, ಅಪ್‌ಗ್ರೇಡ್ ಕೊಟ್ಟರೆ, ಆವೃತ್ತಿ ಹೊಂದಿದವನ್ನು ಅದು ಮತ್ತೆ ಇಳಿಸುವುದಿಲ್ಲ. ಸ್ನ್ಯಾಪ್ ಎಂಬ ಬೇರೆ ಬಗೆಯ ತಂತ್ರಾಂಶ ಗಂಟುಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಮುಗಿಸಿ, ವಿಂಡೋಸ್ ಚೊಕ್ಕವಾಗಿ ಕೂತು, ಹಳೆಯ ಅರ್ಜಿಯೊಂದನ್ನು ತೆರೆದರೆ ಕನ್ನಡದ ಬದಲು ಟೊಪ್ಪಿಗೆ ಹಾಕಿದ ಎ ಅಕ್ಷರಗಳೂ ಪೌಂಡಿನ ಚಿಹ್ನೆಗಳೂ ಸಾಲಾಗಿ ನಿಂತಿರುತ್ತವೆ. ಕಾಕಾನಿಗೆ ವೈರಸ್ ಬಂತೆಂಬ ಗುಮಾನಿ. ಹುಡುಗ ಮತ್ತೆ "ಫಾರ್ಮ್ಯಾಟ್" ಎನ್ನುವ ಮೊದಲೇ ತಡೆಯಿರಿ. ಅರ್ಜಿ ಟೈಪಾದದ್ದು ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ, ಆ ಫಾಂಟ್ ಸಿ ಡ್ರೈವಿನ ಜೊತೆಗೇ ಹೋಗಿದೆ. ಅದನ್ನು ಯಾವ ತಿಂಗಳ ಅಪ್‌ಡೇಟೂ ತಂದುಕೊಡುವುದಿಲ್ಲ; ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ಮೊದಲೇ ನಕಲಿಸಿಕೊಂಡಿರಬೇಕು, ಇಲ್ಲವೇ ಪಕ್ಕದ ಟೈಪಿಂಗ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯಬೇಕು.