ಸಾಸಿವೆಯಷ್ಟು ಭೂಮಿ

ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಸೌರವ್ಯೂಹದ ಮಾದರಿಯೊಂದನ್ನು ಮಾಡಿಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಥರ್ಮೋಕೋಲ್ ಚೆಂಡುಗಳಿಗೆ ಬಣ್ಣ ಬಳಿದು ತಂತಿಗೆ ಸಿಕ್ಕಿಸಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಅದು. ಆದರೆ ಅಂಥ ಮಾದರಿಗಳಲ್ಲಿ ಗುರು ಮತ್ತು ಬುಧ ಅಣ್ಣತಮ್ಮಂದಿರಂತೆ ಅಕ್ಕಪಕ್ಕ ನಿಂತಿರುವುದನ್ನು ನೋಡಿ ನೋಡಿ ರೋಸಿಹೋಗಿದ್ದ ನಾನು, ಗಾತ್ರ ಮತ್ತು ದೂರಗಳೆರಡನ್ನೂ ಒಂದೇ ಅಳತೆಗೆ ಇಳಿಸಿ ತೋರಿಸುತ್ತೇನೆಂದು ಭಾನುವಾರ ಬೆಳಿಗ್ಗೆಯೇ ಅಡುಗೆಮನೆಗೆ ನುಗ್ಗಿದೆ.

ಮಗನ ಫುಟ್‌ಬಾಲ್ ಸೂರ್ಯನಾಯಿತು. ಸುಮಾರು 13.9 ಲಕ್ಷ ಕಿಲೋಮೀಟರ್ ಅಡ್ಡಳತೆಯ ಸೂರ್ಯನನ್ನು 22 ಸೆಂಟಿಮೀಟರಿಗೆ ಇಳಿಸಿದರೆ ಭೂಮಿಯ ಪಾಲಿಗೆ ಬರುವುದು ಎರಡೇ ಮಿಲಿಮೀಟರ್, ಅಂದರೆ ಒಂದು ಸಾಸಿವೆಕಾಳು. ಶುಕ್ರನಿಗೂ ಸಾಸಿವೆ, ಬುಧ ಮತ್ತು ಮಂಗಳರಿಗೆ ಗಸಗಸೆ. ಗುರುವಿಗೆ ನೆಲ್ಲಿಕಾಯಿ, ಶನಿಗೆ ಅದಕ್ಕಿಂತ ತುಸು ಚಿಕ್ಕ ನೆಲ್ಲಿಕಾಯಿ, ಯುರೇನಸ್ ಮತ್ತು ನೆಪ್ಚೂನ್‌ಗಳಿಗೆ ಒಂದೊಂದು ಕಡಲೆಕಾಳು. ಯುರೇನಸ್ ಸುಮಾರು 98 ಡಿಗ್ರಿ ವಾಲಿ, ಮಲಗಿಕೊಂಡೇ ತಿರುಗುವ ಗ್ರಹವಾದ್ದರಿಂದ ಆ ಕಡಲೆಯ ಮೂಗನ್ನು ಪಕ್ಕಕ್ಕೆ ಮಾಡಿ ರಟ್ಟಿಗೆ ಅಂಟಿಸಿದೆ. ಶನಿಯ ಉಂಗುರಕ್ಕೆಂದು ಸಣ್ಣ ಈರುಳ್ಳಿಯೊಂದನ್ನು ಅಡ್ಡಲಾಗಿ ಹೆಚ್ಚಿ, ಒಂದು ಬಳೆಯನ್ನು ಬಿಡಿಸಿ ತೊಡಿಸಿದೆ.

ಶನಿವಾರ ತಪ್ಪದೆ ನವಗ್ರಹಗಳಿಗೆ ಪ್ರದಕ್ಷಿಣೆ ಹಾಕುವ ನನ್ನ ತಾಯಿ ಒಳಗೆ ಬಂದದ್ದು ಆಗಲೇ. ಬುಧನಿಗೆ ಹೆಸರುಕಾಳು, ಗುರುವಿಗೆ ಕಡಲೆ, ಶುಕ್ರನಿಗೆ ಅವರೆ, ಶನಿಗೆ ಎಳ್ಳು ಎಂದು ಕಣ್ಣುಮುಚ್ಚಿ ಹೇಳಬಲ್ಲ ಅವರಿಗೆ ನನ್ನ ಹಂಚಿಕೆ ಹಗಲು ದರೋಡೆಯಂತೆ ಕಂಡಿತು.

“ಗುರುವಿನ ಕಡಲೆಯನ್ನು ಅದ್ಯಾವನೋ ಯುರೇನಸ್ಸಿಗೆ ಕೊಟ್ಟಿದ್ದೀಯಲ್ಲೋ!”

ಯುರೇನಸ್ಸನ್ನು 1781ರಲ್ಲಿ ವಿಲಿಯಂ ಹರ್ಷೆಲ್ ದೂರದರ್ಶಕದಲ್ಲಿ ಕಂಡರು, ನೆಪ್ಚೂನ್ ಸಿಕ್ಕಿದ್ದು 1846ರಲ್ಲಿ, ಪಾಪ ಅವರಿಬ್ಬರೂ ಧಾನ್ಯ ಹಂಚಿ ಮುಗಿದ ಮೇಲೆ ಪಂಕ್ತಿಗೆ ಬಂದವರು ಎಂದು ನಾನು ವಾದಿಸಿದೆ. ಅಷ್ಟರಲ್ಲಿ ಅವರ ಕಣ್ಣು ಶನಿಯ ಕೊರಳಲ್ಲಿದ್ದ ಈರುಳ್ಳಿಯ ಮೇಲೆ ಬಿತ್ತು. ಅವರು ಮಾತನಾಡಲಿಲ್ಲ, ಎರಡೂ ಕೆನ್ನೆಗಳಿಗೆ ಹೊಡೆದುಕೊಂಡು ದೇವರಮನೆಗೆ ನಡೆದರು. ಭೂಮಿಯ ಬಗ್ಗೆ ಮಾತ್ರ ಯಾವ ತಕರಾರೂ ಬರಲಿಲ್ಲ, ಏಕೆಂದರೆ ನಾವು ನಿಂತ ಈ ನೆಲ ನವಗ್ರಹಗಳ ಪಟ್ಟಿಯಲ್ಲೇ ಇಲ್ಲ.

ಇನ್ನು ದೂರದ ಮಾತು. ಫುಟ್‌ಬಾಲನ್ನು ನಮ್ಮ ಗೇಟಿನ ಬಳಿ ಇಟ್ಟರೆ ಬುಧ 9 ಮೀಟರ್ ಆಚೆ, ಭೂಮಿ ಸುಮಾರು 24 ಮೀಟರ್ ಆಚೆ ಕೂರಬೇಕು. ಅಲ್ಲಿ ರಂಗೋಲಿಗೆಂದು ನೀರು ಚಿಮುಕಿಸುತ್ತಿದ್ದ ಮನೆಯವರ ಒಂದೇ ಚೊಂಬಿಗೆ ನಮ್ಮ ಭೂಮಿ ಚರಂಡಿಯ ಕಡೆಗೆ ಹೊರಟಿತು. 123 ಮೀಟರ್ ದೂರದಲ್ಲಿ, ಬೀದಿಯ ತಿರುವಿನಲ್ಲಿಟ್ಟಿದ್ದ ಗುರುವನ್ನು ಹಸುವೊಂದು ಮೂಸಿ ನೋಡಿ, ರಟ್ಟಿನ ಸಮೇತ ಬಾಯಿಗೆ ಹಾಕಿಕೊಂಡಿತು. ಸೌರವ್ಯೂಹದ ಉಳಿದೆಲ್ಲ ಗ್ರಹಗಳನ್ನು ಒಟ್ಟಿಗೆ ತೂಗಿದರೂ ಅದರ ಎರಡೂವರೆ ಪಟ್ಟು ಭಾರವಾಗುವ ಗ್ರಹವನ್ನು ನುಂಗಿದ ಆಯಾಸವೇನೂ ಆ ಹಸುವಿನ ಮುಖದಲ್ಲಿ ಕಾಣಲಿಲ್ಲ. ಶನಿಯನ್ನು ಯಾರೂ ಮುಟ್ಟಲಿಲ್ಲ. ಈರುಳ್ಳಿಯ ವಾಸನೆ ಅದನ್ನು ಕಾಪಾಡಿರಬೇಕು.

ನೆಪ್ಚೂನಿನ ಜಾಗ ಗೇಟಿನಿಂದ 700 ಮೀಟರ್ ಆಚೆ, ಬಸ್‌ಸ್ಟ್ಯಾಂಡಿನ ಹತ್ತಿರ ಬಂದಿತು. ಕಡಲೆಕಾಳನ್ನು ಬೆರಳಲ್ಲಿ ಹಿಡಿದು ನಾನು ಅಲ್ಲಿ ನಿಂತಿರುವಾಗ ಹೆಂಡತಿ ಫೋನ್ ಮಾಡಿ, ಪಕ್ಕದ ಬೀದಿಯ ಹುಡುಗರು ಬಂದು ಸೂರ್ಯನನ್ನು ಆಟಕ್ಕೆ ತೆಗೆದುಕೊಂಡು ಹೋದರೆಂದೂ, ಮಗನೂ ಅವರ ಜೊತೆಯಲ್ಲೇ ಹೋದನೆಂದೂ ತಿಳಿಸಿದಳು. ಸೂರ್ಯ ಇದ್ದಕ್ಕಿದ್ದಂತೆ ಮಾಯವಾದರೆ ಭೂಮಿಗೆ ಅದು ಗೊತ್ತಾಗುವುದಕ್ಕೆ 8 ನಿಮಿಷ 20 ಸೆಕೆಂಡು ಬೇಕು. ನೆಪ್ಚೂನಿಗಾದರೆ ನಾಲ್ಕು ಗಂಟೆಗೂ ಹೆಚ್ಚು. ನನಗೆ ಅರೆಕ್ಷಣದಲ್ಲಿ ಗೊತ್ತಾಗಿಬಿಟ್ಟಿತು. ಬೆಳಗಿನ ತಿಂಡಿಯೂ ಆಗಿರಲಿಲ್ಲವಾದ್ದರಿಂದ ನೆಪ್ಚೂನನ್ನು ಬಾಯಿಗೆ ಎಸೆದುಕೊಂಡು, ಥರ್ಮೋಕೋಲ್ ಚೆಂಡುಗಳನ್ನು ಮಾರುವ ಅಂಗಡಿ ಭಾನುವಾರ ತೆರೆದಿರುತ್ತದೆಯೇ ಎಂದು ಅವಳನ್ನೇ ಕೇಳಿದೆ.