ಅತಿಥಿಯ ಹೆಸರು ಮಾರಾಟಕ್ಕಷ್ಟೇ ಅಲ್ಲ

ಜಪಾನಿನ ಹಿಪ್‌ಹಾಪ್ ಮತ್ತು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಾಡುಗಳಲ್ಲಿ ಅತಿಥಿ ಕಲಾವಿದರನ್ನು ಸೇರಿಸಿಕೊಳ್ಳುವುದು ಕೇವಲ ಮಾರಾಟದ ತಂತ್ರ ಎಂದು ನಾನು ಓದಿದ ಒಂದು ಲೇಖನ ವಾದಿಸುತ್ತದೆ; ಅದರ ಲೇಖಕರ ಈ ಅಭಿಪ್ರಾಯವನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ಒಬ್ಬರ ಅಭಿಮಾನಿಗಳನ್ನು ಇನ್ನೊಬ್ಬರತ್ತ ಸೆಳೆಯುವ ಲೆಕ್ಕಾಚಾರ ಅದರಲ್ಲಿ ಖಂಡಿತ ಇದೆ. ಆದರೆ ಅತಿಥಿ ತರುವುದು ಕೇಳುಗರನ್ನಷ್ಟೇ ಅಲ್ಲ, ಮನ್ನಣೆಯನ್ನು ಕೂಡ. 1999ರಲ್ಲಿ ರಾಕ್ ಹಿನ್ನೆಲೆಯ ಡ್ರ್ಯಾಗನ್ ಆ್ಯಶ್ ತಂಡ ರ್‍ಯಾಪರ್ ಜೀಬ್ರಾ ಮತ್ತು ಗಾಯಕಿ ಆಕೋ ಅವರೊಂದಿಗೆ ಮಾಡಿದ ಹಾಡು ಜಪಾನಿನ ಸಂಗೀತ ಮಾರಾಟದ ಶ್ರೇಯಾಂಕವಾದ ಒರಿಕಾನ್ ಪಟ್ಟಿಯ ಮೊದಲ ಸ್ಥಾನಕ್ಕೇರಿದಾಗ, ಹಿಪ್‌ಹಾಪ್ ವಲಯದಲ್ಲಿ ಹೆಸರು ಮಾಡಿದ್ದ ಜೀಬ್ರಾ ಅವರ ದನಿಯೇ ಆ ತಂಡಕ್ಕೆ ಒಂದು ಬಗೆಯ ಒಪ್ಪಿಗೆಯ ಮುದ್ರೆಯಾಗಿತ್ತು. ಅದೇ ಜೀಬ್ರಾ 2002ರಲ್ಲಿ ತಮ್ಮ ಕಿಂಗ್ ಗಿದ್ರಾ ತಂಡದ ಹಾಡೊಂದರಲ್ಲಿ ಡ್ರ್ಯಾಗನ್ ಆ್ಯಶ್‌ನ ಮುಖ್ಯ ಗಾಯಕರನ್ನು ಹೆಸರೆತ್ತಿ ಕಟುವಾಗಿ ಟೀಕಿಸಿದರು. ಎರವಲು ಪಡೆದ ಮನ್ನಣೆಯನ್ನು ಕೊಟ್ಟವರೇ ಹಿಂತೆಗೆದುಕೊಳ್ಳಬಲ್ಲರು ಎಂಬ ಈ ಅಪಾಯವನ್ನು ಲೇಖನ ಚರ್ಚಿಸಬೇಕಿತ್ತು.

ಜಪಾನಿನ ಇನ್ನೊಂದು ತಂಡ, ಮೂವರು ಸದಸ್ಯರ ಎಂ-ಫ್ಲೋದ ದಾರಿ ಬೇರೆಯೇ. 2002ರಲ್ಲಿ ಗಾಯಕಿ ಲೀಸಾ ಹೊರನಡೆದ ನಂತರ ಉಳಿದಿಬ್ಬರಾದ ವರ್ಬಲ್ ಮತ್ತು ಟಾಕು ತಕಹಾಶಿ, ಆಕೆಯ ಜಾಗಕ್ಕೆ ಒಬ್ಬರನ್ನೇ ತರದೆ, ‘ಲವ್ಸ್’ ಎಂಬ ಸರಣಿಯಲ್ಲಿ ಕ್ರಿಸ್ಟಲ್ ಕೇ, ಕೊರಿಯಾದ ಬೋವಾ, ಹಿರಿಯರಾದ ಗಾಯಕಿ ಅಕಿಕೊ ವಾದಾ ಮತ್ತು ಸಂಗೀತ ಸಂಯೋಜಕ ರ್ಯೂಇಚಿ ಸಕಾಮೋತೊ ಅವರಂಥ ಭಿನ್ನ ಕಲಾವಿದರೊಂದಿಗೆ ಹಾಡುಗಳನ್ನು ಕಟ್ಟಿದರು. ಇಲ್ಲಿ ಅತಿಥಿಯ ದನಿಗೆ ತಕ್ಕಂತೆ ಸಂಗೀತವೇ ಬದಲಾಗುತ್ತದೆ. ಇದನ್ನು ಬರೀ ಪ್ರಚಾರವೆನ್ನಲು ನನಗೆ ಮನಸ್ಸಾಗದು. ಖಾಲಿ ಜಾಗ ತುಂಬುವುದಷ್ಟೇ ಉದ್ದೇಶವಾಗಿದ್ದರೆ, 2017ರಲ್ಲಿ ಲೀಸಾ ಮರಳಿದ ಮೇಲೆ ಆ ಸರಣಿಗೆ ಮತ್ತೆ ಜೀವ ಕೊಡುವ ಅಗತ್ಯವೇ ಇರುತ್ತಿರಲಿಲ್ಲ.