"ಏನ್ ತಿಂದೆ?" ಅಂತ ಮೊದಲು ಕೇಳಬೇಡಿ

ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ಮಗಳನ್ನು ಮೂರು ತಿಂಗಳ ಚೆಕಪ್‌ಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಆಗ ಹನ್ನೊಂದು ವರ್ಷ. ಏಳನೇ ವಯಸ್ಸಿನಿಂದ ಟೈಪ್ 1 ಡಯಾಬಿಟಿಸ್ ಇದೆ. ಡಾಕ್ಟರ್ ಒಂದು ಕೈಯಲ್ಲಿ ನಮ್ಮ ಶುಗರ್ ಪುಸ್ತಕ, ಇನ್ನೊಂದು ಕೈಯಲ್ಲಿ ಲ್ಯಾಬ್ ರಿಪೋರ್ಟ್ ಹಿಡಿದುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಪುಸ್ತಕದಲ್ಲಿ 118, 124, 110, 131. ತಿಂಗಳುಗಟ್ಟಲೆ ಹೀಗೇ, ಮುತ್ತು ಪೋಣಿಸಿದ ಹಾಗೆ. ರಿಪೋರ್ಟ್‌ನಲ್ಲಿ ಮಾತ್ರ ಎಚ್‌ಬಿಎ1ಸಿ 9.8. ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ 235ರ ಹತ್ತಿರ. ಎರಡಕ್ಕೂ ತಾಳೆಯೇ ಇಲ್ಲ.

"ಮೀಟರ್ ತಂದಿದ್ದೀರಾ ಅಮ್ಮ?" ಅಂದರು.

ಮೀಟರ್ ಮೆಮೊರಿಯಲ್ಲಿ ಎಲ್ಲಾ ಇತ್ತು. 312. 276. 341. ಒಂದು ಬೆಳಗ್ಗೆ 402. ಜೂನ್‌ನಲ್ಲಿ ಸ್ಕೂಲ್ ಶುರುವಾದಾಗ "ನಾನೇ ಚೆಕ್ ಮಾಡಿ ನಾನೇ ಬರ್ಕೋತೀನಿ" ಅಂದಿದ್ದಳು. ಎಷ್ಟು ಜಾಣೆ ಅಂತ ಮನೆಯವರೆಲ್ಲಾ ಹೊಗಳಿದ್ದೆವು. ಈಗ ತಲೆ ಬಗ್ಗಿಸಿಕೊಂಡು ಚಪ್ಪಲಿಯ ಪಟ್ಟಿಯನ್ನು ಬಿಚ್ಚುವುದು, ಹಾಕುವುದು ಮಾಡುತ್ತಿದ್ದಳು.

ಡಾಕ್ಟರ್ ಬೈಯಲಿಲ್ಲ. ನರ್ಸ್‌ಗೆ ಹೇಳಿ ಅವಳನ್ನು ಮಂಚದ ಮೇಲೆ ಮಲಗಿಸಿದರು. ನರ್ಸ್ ಹೊಟ್ಟೆಯ ಮೇಲೆ ಮೆಲ್ಲಗೆ ಬೆರಳು ಆಡಿಸುತ್ತಾ ಹೊಕ್ಕುಳಿನ ಎಡಕ್ಕೆ ಒಂದು ಕಡೆ ನಿಲ್ಲಿಸಿದರು. ನನ್ನ ಕೈ ಹಿಡಿದು ಅಲ್ಲಿಟ್ಟರು. ಚರ್ಮದ ಕೆಳಗೆ ರಬ್ಬರ್ ಹಾಗೆ ಒಂದು ಗಂಟು. ಅಡಿಕೆಯಷ್ಟು ದಪ್ಪ. ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೆ ಸಿಗುತ್ತದೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಅಲ್ಲಿ ಚುಚ್ಚಿದರೆ ನೋವಾಗಲ್ಲ ಅಂತ ಅದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಾ ಬಂದಿದ್ದಳು. ಅಂಥ ಗಂಟಿನೊಳಗೆ ಹೋದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಒಂದು ದಿನ ತಡವಾಗಿ, ಒಂದು ದಿನ ಅರ್ಧಂಬರ್ಧ.

"ಇದನ್ನೆಲ್ಲಾ ತಿಂಡಿ ಮೇಲೆ ಹಾಕಬೇಡಿ," ಅಂದರು ಡಾಕ್ಟರ್. "ಜಾಗ ಬದಲಾಯಿಸಿ. ತೊಡೆ, ತೋಳು, ಹೊಟ್ಟೆಯ ಬಲಗಡೆ. ಹೊಸ ಜಾಗದಲ್ಲಿ ಚೆನ್ನಾಗಿ ಹಿಡಿಯುತ್ತೆ. ಅದಕ್ಕೆ ಡೋಸ್ ಸ್ವಲ್ಪ ಇಳಿಸ್ತೀನಿ, ಇಲ್ಲಾಂದ್ರೆ ಲೋ ಆಗುತ್ತೆ, ಶುಗರ್ ತೀರಾ ಇಳಿದುಬಿಡುತ್ತೆ."

ಅದಕ್ಕೂ ಮೊದಲು, ನಾನೇ ಚೆಕ್ ಮಾಡುತ್ತಿದ್ದ ಕಾಲದಲ್ಲಿ, 280 ಬಂದ ದಿನವೆಲ್ಲಾ ನಾನು ಅವಳ ಸ್ಕೂಲ್ ಬ್ಯಾಗ್ ತೆಗೆದು ಚಾಕಲೇಟ್ ಕಾಗದ ಹುಡುಕುತ್ತಿದ್ದೆ.

ಆ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಕೇಳಿದೆ, ಯಾಕೆ ಪುಟ್ಟಿ ಸುಳ್ಳು ಬರೆದೆ ಅಂತ. ತುಂಬಾ ಹೊತ್ತಾದ ಮೇಲೆ ಹೇಳಿದಳು. "ಜಾಸ್ತಿ ಬಂದ್ರೆ ನೀನು 'ಏನ್ ತಿಂದೆ?' ಅಂತೀಯಮ್ಮ. ನಾನು ಏನೂ ತಿಂದಿರಲ್ಲ. ಏನ್ ಹೇಳ್ಬೇಕು ಅಂತ ಗೊತ್ತಾಗಲ್ಲ."

ಈ ಪೋಸ್ಟ್ ಬರೆಯುತ್ತಿರುವುದು ಆ ಒಂದು ಮಾತಿಗೋಸ್ಕರ. ಶುಗರ್ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ, ಟೀಚರ್‌ಗಳಿಗೆ, ಮದುವೆ ಮನೆಯಲ್ಲಿ ಸಿಗುವ ನೆಂಟರಿಗೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಮಕ್ಕಳಿಗೆ ಸಾಮಾನ್ಯವಾಗಿ ಬರುವ ಈ ಟೈಪ್ 1 ಸಿಹಿ ತಿಂದಿದ್ದರಿಂದ ಬರುವುದಲ್ಲ. ರೋಗದ ವಿರುದ್ಧ ಹೋರಾಡಬೇಕಾದ ನಮ್ಮ ದೇಹದ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡಿಬಿಡುತ್ತದೆ. ಆಮೇಲೆ ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು, ದಿನಾ, ಬದುಕಿರುವವರೆಗೆ. ಮಾತ್ರೆಯಿಂದ ಆಗುವುದಿಲ್ಲ. ಪಥ್ಯದಿಂದ ಆಗುವುದಿಲ್ಲ. ಇನ್ಸುಲಿನ್ ಗಿಡದ ಎಲೆಯಿಂದ ಖಂಡಿತಾ ಆಗುವುದಿಲ್ಲ. ಆ ಗಿಡದ ಕುಂಡವನ್ನೇ ಮನೆಗೆ ತಂದುಕೊಟ್ಟು "ಇಂಜೆಕ್ಷನ್ ಬಿಡಿಸಿ" ಅಂದವರಿದ್ದಾರೆ. ಪ್ರೀತಿಯಿಂದಲೇ ತಂದಿದ್ದರು. ಆದರೆ ಈ ಮಕ್ಕಳಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳನ್ನು ಉಳಿಸುವ ದಾರಿಯೇ ಇರಲಿಲ್ಲ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಅವರ ಹುಟ್ಟಿದ ದಿನ ನವೆಂಬರ್ 14. ನಮ್ಮಲ್ಲಿ ಅದೇ ದಿನ ಮಕ್ಕಳ ದಿನಾಚರಣೆ. ನಮ್ಮ ಮನೆಯಲ್ಲಿ ಆ ದಿನ ಎರಡಕ್ಕೂ ಸೇರಿಸಿ ಪಾಯಸ ಮಾಡುತ್ತೇವೆ. ಅವಳೂ ತಿನ್ನುತ್ತಾಳೆ, ಅದಕ್ಕೆ ತಕ್ಕ ಇನ್ಸುಲಿನ್ ಹಾಕಿಕೊಂಡು.

ಈಗ ಏರಿಳಿತದ ವಿಷಯ. ಚೆನ್ನಾಗಿರುವ ದೇಹ ಹೊತ್ತು ಹೊತ್ತಿಗೆ ರಕ್ತ ನೋಡಿಕೊಂಡು ಬೇಕಾದಷ್ಟೇ ಇನ್ಸುಲಿನ್ ಬಿಡುತ್ತದೆ. ಆ ಕೆಲಸವನ್ನು ನಾವು ಇನ್ಸುಲಿನ್ ಚುಚ್ಚುವ ಒಂದು ಪೆನ್, ಒಂದು ಮೀಟರ್, ಒಂದು ಅಂದಾಜು ಇಟ್ಟುಕೊಂಡು ಮಾಡುತ್ತೇವೆ. ಅಂದಾಜು ತಪ್ಪುತ್ತದೆ. ಎಷ್ಟೇ ಓದಿದವರಿಗೂ ತಪ್ಪುತ್ತದೆ.

ದಾವಣಗೆರೆಯವರಿಗೆ ಅರ್ಥ ಆಗುವ ಹಾಗೆ ಹೇಳುತ್ತೇನೆ. ಮಂಡಕ್ಕಿ ಮತ್ತು ಬೆಣ್ಣೆ ದೋಸೆ. ಖಾರ ಮಂಡಕ್ಕಿ ಬಾಯಿಗೆ ಹಗುರ, ಹೊಟ್ಟೆಗೂ ಹಗುರ ಅಂತ ನಾವೆಲ್ಲಾ ಅಂದುಕೊಂಡಿದ್ದೇವೆ. ಜ್ವರ ಬಂದವರಿಗೂ ಕೊಡುತ್ತೇವೆ. ಆದರೆ ಅದು ಉಬ್ಬಿದ ಅಕ್ಕಿ, ಬೇಗ ಕರಗುತ್ತದೆ. ನನ್ನ ಮಗಳಿಗೆ ಒಂದು ತಟ್ಟೆ ಮಂಡಕ್ಕಿ ತಿಂದ ಮುಕ್ಕಾಲು ಗಂಟೆಗೆ ಶುಗರ್ ಜಿಗಿದು ನಿಂತಿರುತ್ತದೆ. ತಿನ್ನುವುದಕ್ಕೆ ಹದಿನೈದು ನಿಮಿಷ ಮೊದಲೇ ಇನ್ಸುಲಿನ್ ಹಾಕಿದ್ದರೆ ಸರಿ. ತಟ್ಟೆ ಕೈಗೆ ಬಂದ ಮೇಲೆ ಹಾಕಿದರೆ ಇನ್ಸುಲಿನ್ ಹಿಂದೆ ಬೀಳುತ್ತದೆ.

ಬೆಣ್ಣೆ ದೋಸೆ ಇದಕ್ಕೆ ಪೂರ್ತಿ ಉಲ್ಟಾ. ಒಂದು ಭಾನುವಾರ ಹೋಟೆಲ್‌ಗೆ ಹೋಗಿದ್ದೆವು. ಎರಡು ದೋಸೆ, ಮೇಲೆ ಕರಗುತ್ತಿರುವ ಬೆಣ್ಣೆ, ಆಲೂಗಡ್ಡೆ ಪಲ್ಯ, ಚಟ್ನಿ. ಎರಡು ಗಂಟೆ ಬಿಟ್ಟು ನೋಡಿದರೆ 148. ನಮ್ಮೆಜಮಾನರು ಅಲ್ಲೇ ಅವಳ ಬೆನ್ನು ತಟ್ಟಿದರು. ಸಾಯಂಕಾಲ ನೋಡಿದರೆ 290! ನಡುವೆ ಒಂದು ತುತ್ತೂ ತಿಂದಿರಲಿಲ್ಲ, ನನ್ನ ಕಣ್ಣೆದುರೇ ಇದ್ದಳು. ಬೆಣ್ಣೆಯ ಜಿಡ್ಡಿಗೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ದೋಸೆಯ ಅಕ್ಕಿ ರಕ್ತಕ್ಕೆ ಇಳಿಯುವ ಹೊತ್ತಿಗೆ ಇನ್ಸುಲಿನ್ ಕೆಲಸ ಮುಗಿಸಿ ಹೋಗಿರುತ್ತದೆ. ಇದನ್ನು ಯಾರೂ ಪುಸ್ತಕ ಓದಿ ಹೇಳಲಿಲ್ಲ ನಮಗೆ. ನಾಲ್ಕು ಭಾನುವಾರ ಬೆರಳು ಚುಚ್ಚಿ ಚುಚ್ಚಿ ಗೊತ್ತು ಮಾಡಿಕೊಂಡು ಡಾಕ್ಟರ್ ಹತ್ತಿರ ಹೋದೆವು. ಅವರು ಹೌದು ಅಂದರು, ಡೋಸ್ ಹೇಗೆ ಹಾಕಬೇಕು ಅಂತ ಹೇಳಿಕೊಟ್ಟರು. ಬೆಣ್ಣೆ ದೋಸೆ ಬಿಟ್ಟಿಲ್ಲ. ದಾವಣಗೆರೆಯಲ್ಲಿ ಹುಟ್ಟಿದ ಕೂಸು, ಅದನ್ನೂ ಬಿಡು ಅಂತ ಹೇಗೆ ಹೇಳಲಿ?

ಊಟವೇ ಇಲ್ಲದೆ ಏರುವುದೂ ಉಂಟು. ನೆಗಡಿ ಜ್ವರ ಬಂದರೆ ಏರುತ್ತದೆ. ಪರೀಕ್ಷೆ ಭಯಕ್ಕೆ ಏರುತ್ತದೆ. ಬೆಳೆಯುವ ಮಕ್ಕಳಲ್ಲಿ ಬೆಳಗಿನ ಜಾವ ಹಾರ್ಮೋನುಗಳು ಹೆಚ್ಚಾಗಿ, ಮಲಗುವಾಗ 130 ಇದ್ದದ್ದು ಏಳುವಾಗ 240 ಆಗಿರುತ್ತದೆ. ಮೈನೆರೆಯುವ ವಯಸ್ಸು ಹತ್ತಿರ ಬಂದರೆ ಇನ್ನೂ ಜಾಸ್ತಿ. ಏಪ್ರಿಲ್ ಬಿಸಿಲಲ್ಲಿ ಕಾರೊಳಗೆ ಮರೆತ ಪೆನ್ನಿನ ಇನ್ಸುಲಿನ್ ಕೆಟ್ಟಿರುತ್ತದೆ, ನೋಡಿದರೆ ಮಾತ್ರ ನೀರಿನ ಹಾಗೆ ತಿಳಿಯಾಗಿಯೇ ಇರುತ್ತದೆ. ಇದರಲ್ಲಿ ಮಗುವಿನ ತಪ್ಪು ಎಲ್ಲಿದೆ ಹೇಳಿ?

ಇಳಿಯುವುದು ಇನ್ನೊಂದು ಕಥೆ. ಏರಿದ್ದಕ್ಕೆ ಬೇಜಾರಾಗುತ್ತದೆ, ಇಳಿದರೆ ಎದೆ ಒಡೆಯುತ್ತದೆ. ಎರಡು ವರ್ಷದ ಹಿಂದೆ ಚಿತ್ರದುರ್ಗದ ಕೋಟೆಗೆ ಹೋಗಿದ್ದೆವು. ಓಬವ್ವನ ಕಿಂಡಿ ನೋಡಬೇಕು ಅಂತ ಅವಳದೇ ಹಟ. ಮೆಟ್ಟಿಲು, ಬಂಡೆ, ಹತ್ತಿದ್ದೇ ಹತ್ತಿದ್ದು. ನಡುನಡುವೆ ಚೆಕ್ ಮಾಡಿ ಬಾಳೆಹಣ್ಣು, ಬಿಸ್ಕತ್ತು ಕೊಟ್ಟೆ. ಎಲ್ಲಾ ಸರಿ ಇತ್ತು. ಮನೆಗೆ ಬಂದು ಉಂಡು ಮಲಗಿದಳು. ರಾತ್ರಿ ಎರಡು ಗಂಟೆಗೆ ಯಾಕೋ ಎಚ್ಚರ ಆಯಿತು. ಅವಳ ಕತ್ತು ಮುಟ್ಟಿದರೆ ತಣ್ಣಗೆ ಒದ್ದೆ. ದಿಂಬು ನೆನೆದಿತ್ತು. 46! ಆಟ, ಓಡಾಟ ಜಾಸ್ತಿಯಾದ ದಿನ ಎಷ್ಟೋ ಗಂಟೆ ಆದಮೇಲೂ, ನಿದ್ದೆಯಲ್ಲೂ ಇಳಿಯುತ್ತದೆ ಅಂತ ಆವತ್ತು ಕಲಿತೆ. ಎಬ್ಬಿಸಿ ಕೂರಿಸಿ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್. 68. ಇನ್ನೂ ಸ್ವಲ್ಪ ಕೊಟ್ಟೆ. 97 ಬಂದ ಮೇಲೆ ಅರ್ಧ ಚಪಾತಿ ತಿನ್ನಿಸಿದೆ. ಆಟ ಜಾಸ್ತಿಯಾದ ದಿನ ಈಗಲೂ ಎರಡು ಗಂಟೆಗೆ ಅಲಾರಂ ಇಡುತ್ತೇನೆ.

70ಕ್ಕಿಂತ ಕೆಳಗೆ ಬಂದರೆ ಸಕ್ಕರೆ, ಗ್ಲೂಕೋಸ್ ಪುಡಿ ಅಥವಾ ಹಣ್ಣಿನ ಜ್ಯೂಸ್. ಚಾಕಲೇಟ್ ಬೇಡ, ಅದರ ಜಿಡ್ಡಿಗೆ ತಡವಾಗುತ್ತದೆ. ಎಷ್ಟು ಕೊಡಬೇಕು ಅನ್ನುವುದು ಮಗುವಿನ ವಯಸ್ಸು, ತೂಕದ ಮೇಲೆ, ಡಾಕ್ಟರ್ ಹತ್ತಿರ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಮಗ್ಗುಲಿಗೆ ಮಲಗಿಸಿ ನೇರ ಆಸ್ಪತ್ರೆಗೆ.

ಸ್ಕೂಲಿನ ಬಗ್ಗೆ ಹೇಳಲೇಬೇಕು. ಒಂದು ದಿನ ಕ್ಲಾಸ್ ನಡೆಯುವಾಗ ಶುಗರ್ ಇಳಿದು ಕೈ ನಡುಗಿ ಅವಳು ಗ್ಲೂಕೋಸ್ ಡಬ್ಬಿ ತೆಗೆದಿದ್ದಾಳೆ. ಟೀಚರ್ "ಬೆಲ್ ಆದ್ಮೇಲೆ ತಿನ್ನು" ಅಂದರಂತೆ. ಸುಮ್ಮನೆ ಡಬ್ಬಿ ಮುಚ್ಚಿ ಕೂತಿದ್ದಾಳೆ. ಆ ಟೀಚರ್ ಕೆಟ್ಟವರಲ್ಲ, ಅವರಿಗೆ ಗೊತ್ತಿರಲಿಲ್ಲ. ಮರುದಿನ ಹೋಗಿ ಮೀಟರ್ ತೋರಿಸಿ ಎಲ್ಲಾ ವಿವರಿಸಿದೆ. ಈಗ ಅವರ ಟೇಬಲ್‌ನಲ್ಲೂ ಒಂದು ಗ್ಲೂಕೋಸ್ ಡಬ್ಬಿ ಇದೆ. ಬೇರೆ ತಾಯಂದಿರಿಗೆ ಉಪಯೋಗ ಆಗಬಹುದು ಅಂತ ಹೇಳುತ್ತೇನೆ: ಸಿಬಿಎಸ್ಇ 2017ರಲ್ಲೇ ಟೈಪ್ 1 ಇರುವ ಮಕ್ಕಳು ಬೋರ್ಡ್ ಪರೀಕ್ಷೆಗೆ ತಿಂಡಿ, ನೀರು ತೆಗೆದುಕೊಂಡು ಹೋಗಬಹುದು ಅಂತ ಅನುಮತಿ ಕೊಟ್ಟಿದೆ. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಎಲ್ಲಾ ರಾಜ್ಯಗಳಿಗೂ ಪತ್ರ ಬರೆದು, ಈ ಮಕ್ಕಳಿಗೆ ಶಾಲೆಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ಹಾಕಿಕೊಳ್ಳಲು, ತಿನ್ನಲು ಅವಕಾಶ ಕೊಡಿ ಅಂತ ಹೇಳಿದೆ. ಸಂಕೋಚ ಬೇಡ, ಕೇಳಿ.

ಇನ್ನು ನಮ್ಮ ಅತ್ತೆ. ಮೊದಲೆಲ್ಲಾ "ಪಾಪ, ಕೂಸಿಗೆ ಒಂದು ಹೋಳಿಗೆ ಕೊಟ್ರೆ ಏನಾಗ್ತತಿ?" ಅಂತ ಕದ್ದು ಕೊಡುತ್ತಿದ್ದರು. ನಾನು ಸಿಟ್ಟಾಗುತ್ತಿದ್ದೆ. ಈಗ ಕೊಡುವುದಕ್ಕೆ ಮೊದಲು "ಎಷ್ಟು ಯೂನಿಟ್ ಹಾಕ್ಬೇಕವ್ವಾ ಇದಕ್ಕೆ?" ಅಂತ ಮೊಮ್ಮಗಳನ್ನೇ ಕೇಳುತ್ತಾರೆ. ಕದ್ದು ಕೊಡುವ ಕೆಲಸವೇ ಉಳಿಯಲಿಲ್ಲ.

ಇನ್ನೊಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಶುರುವಿನಲ್ಲಿ ನಮಗೂ ಗೊತ್ತಾಗಲಿಲ್ಲ. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯತೊಡಗಿದ್ದಳು. ಫ್ರಾಕ್ ಎಲ್ಲಾ ಜೋಲುಬಿದ್ದವು. ಬೇಸಿಗೆ ಅಲ್ವಾ ಅಂದುಕೊಂಡೆವು. ತೋರಿಸಿದ ಕಡೆ ಯೂರಿನ್ ಇನ್ಫೆಕ್ಷನ್ ಅಂತ ಔಷಧಿ ಕೊಟ್ಟರು. ಐದನೇ ದಿನಕ್ಕೆ ವಾಂತಿ, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ. ಐಸಿಯುಗೆ ಸೇರಿಸಿದಾಗ ಶುಗರ್ 540. ಯಾವ ಮಗುವಿನಲ್ಲಾದರೂ ಈ ಲಕ್ಷಣ ಕಂಡರೆ ಅದೇ ದಿನ ಒಂದು ಹನಿ ರಕ್ತ ಗ್ಲೂಕೋಮೀಟರ್‌ಗೆ ಹಾಕಿಸಿ. ಒಂದೇ ನಿಮಿಷದ ಕೆಲಸ. ದಯವಿಟ್ಟು.

ಈಗ ಮನೆಯಲ್ಲಿ "ಏನ್ ತಿಂದೆ?" ಅನ್ನುವ ಪ್ರಶ್ನೆ ಇಲ್ಲ. ಬಿಡುವುದು ಸುಲಭ ಆಗಲಿಲ್ಲ. ನಾಲಿಗೆ ತುದಿಗೆ ಬಂದುಬಿಡುತ್ತಿತ್ತು, ಎಷ್ಟೋ ಸಲ ನುಂಗಿಕೊಂಡೆ. ಅದರ ಬದಲು "ಏನ್ ಮಾಡೋಣ?" ಅಂತ ಕೇಳುತ್ತೇನೆ. ಊಟದ ವಿಷಯ ಬೇಕಾದರೆ ಆಮೇಲೆ ಅವಳೇ ಹೇಳುತ್ತಾಳೆ. ಪೂರ್ತಿ ಹೇಳುತ್ತಾಳೆ, ಸ್ಕೂಲ್ ಗೇಟ್ ಹತ್ತಿರ ಗೆಳತಿಯ ಕೈಯಿಂದ ಕಿತ್ತು ತಿಂದ ಐಸ್‌ಕ್ಯಾಂಡಿಯನ್ನೂ ಸೇರಿಸಿ. ಹೊಟ್ಟೆಯ ಎಡಗಡೆ ಆರು ತಿಂಗಳಿಂದ ಚುಚ್ಚಿಲ್ಲ, ಗಂಟು ಕರಗುತ್ತಾ ಬಂದಿದೆ. ಹೋದ ಚೆಕಪ್‌ನಲ್ಲಿ ಎಚ್‌ಬಿಎ1ಸಿ 8.2 ಬಂತು. ಡಾಕ್ಟರ್ ಇನ್ನೂ ಇಳಿಸೋಣ ಅಂದಿದ್ದಾರೆ. ಮೈಗೆ ಅಂಟಿಸಿಕೊಂಡರೆ ಹಗಲೂ ರಾತ್ರಿ ಶುಗರ್ ತೋರಿಸುವ ಸೆನ್ಸರ್ ಎರಡು ವಾರಕ್ಕೊಂದು ಹಾಕಿದರೆ ಅನುಕೂಲ, ಆದರೆ ಪ್ರತಿ ಸಲ ಅಷ್ಟು ದುಡ್ಡು ಕೊಡುವುದು ನಮಗೆ ಆಗುವುದಿಲ್ಲ. ಪರೀಕ್ಷೆ ಸಮಯದಲ್ಲಿ, ಡೋಸ್ ಬದಲಾದಾಗ ಮಾತ್ರ ಹಾಕಿಸುತ್ತೇವೆ. ಉಳಿದಂತೆ ಬೆರಳೇ.

ಮೊನ್ನೆ ರಾತ್ರಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮೀಟರ್ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದಳು.

"ಅಮ್ಮಾ, 294."

"ಏನ್ ಮಾಡೋಣ?"

ಬಾಗಿಲಿಗೆ ಒರಗಿಕೊಂಡು ಲೆಕ್ಕ ಹಾಕಿದಳು. "ಇನ್ಸುಲಿನ್ ಹಾಕ್ಕೊಂಡು ಒಂದೂವರೆ ಗಂಟೆ ಆಗೈತಿ. ಇನ್ನೂ ಕೆಲಸ ಮಾಡ್ತಿರುತ್ತೆ. ಈಗ್ಲೇ ಮತ್ತೆ ಹಾಕಿದ್ರೆ ರಾತ್ರಿ ಲೋ ಆಗ್ತೀನಿ. ನೀರು ಕುಡಿದು ಒಂದು ಗಂಟೆ ಬಿಟ್ಟು ನೋಡೋಣ."

ಒಂದು ಗಂಟೆ ಬಿಟ್ಟು ನೋಡಿದರೆ 231. ಎರಡನ್ನೂ ಪುಸ್ತಕದಲ್ಲಿ ಬರೆದು, ಪೆನ್ಸಿಲ್ ಅಲ್ಲೇ ಇಟ್ಟು ಟಿವಿ ನೋಡಲು ಹೋದಳು.